ದೋಷ, ರಕ್ಷಣೆ, ವಿವೇಚನೆ: ಏಕಮುಖ ವಿದ್ಯುಜ್ಜಾಲದ ಕನ್ನಡ ಪರಿಭಾಷೆಯ ವಿಮರ್ಶೆ

೧

ಶಾಸ್ತ್ರಗದ್ಯವು ವಿಮರ್ಶೆಗೆ ವಿಷಯವಾಗತಕ್ಕದ್ದಲ್ಲವೆಂಬ ಭಾವನೆಯು ನಮ್ಮ ಸಾಹಿತ್ಯಾಭ್ಯಾಸಿಗಳಲ್ಲಿ ಬಹುಕಾಲದಿಂದ ಬೇರೂರಿಕೊಂಡಿದೆ. ಕಾವ್ಯದ ಒಂದು ಶಬ್ದಕ್ಕಾಗಿ ಪಾಠಾಂತರಗಳನ್ನೆಲ್ಲ ತೂಗಿ ನೋಡುವ ಪಂಡಿತರು ಯಂತ್ರಶಾಸ್ತ್ರದ ಶಬ್ದವನ್ನು ಗಣನೆಗೇ ತಂದುಕೊಳ್ಳುವುದಿಲ್ಲ. ಯಂತ್ರಶಾಸ್ತ್ರಜ್ಞರಾದರೋ, ಅರ್ಥವು ಗಣಿತದಲ್ಲಿರುವಾಗ ಹೆಸರು ಯಾವುದಾದರೇನೆಂದು ಉದಾಸೀನರಾಗಿರುತ್ತಾರೆ. ಈ ಎರಡು ಉಪೇಕ್ಷೆಗಳ ನಡುವೆ ಕನ್ನಡದ ಶಾಸ್ತ್ರಭಾಷೆಯು ಹೇಳುವವರು ಕೇಳುವವರಿಲ್ಲದೆ ಬೆಳೆದಿದೆ.

ನಮ್ಮ ಪೂರ್ವಪರಂಪರೆಯು ಇಂತಹದಲ್ಲ. ನರಿಗುಂದದ ಶ್ರೀಧರಾಚಾರ್ಯನು ೧೦೪೯ರಲ್ಲಿ ಜಾತಕತಿಲಕವನ್ನು ಕನ್ನಡದಲ್ಲಿ ರಚಿಸಿದನು. ೧೨ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಬರೆದನು. ಸಮೀಪದ ಕಾಲಕ್ಕೆ ಬಂದರೆ, ೧೯೧೮ರಲ್ಲಿ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ ಹೊರಡಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ಪಂಪಭಾರತದ ಸಂಪಾದಕರಲ್ಲಿಯೂ ಅವರು ಪ್ರಮುಖರು. ಕಾವ್ಯದ ಶಬ್ದ ಬೇರೆ, ಶಾಸ್ತ್ರದ ಶಬ್ದ ಬೇರೆಯೆಂಬ ಗೋಡೆಯು ಆ ಮಹನೀಯರ ಮನೆಯಲ್ಲಿ ಇರಲಿಲ್ಲ.

ಆದುದರಿಂದ ಈ ಲೇಖನದಲ್ಲಿ ಒಂದು ಇಕ್ಕಟ್ಟಾದ ವಿಷಯವನ್ನು ತೆಗೆದುಕೊಂಡು, ಅದಕ್ಕೆ ಸಂಬಂಧಿಸಿದ ಕೆಲವು ಕನ್ನಡ ಶಬ್ದಗಳನ್ನು ವಿಮರ್ಶಕನ ಕಣ್ಣಿನಿಂದ ಪರೀಕ್ಷಿಸಲು ಉದ್ದೇಶಿಸಿದೆ. ವಿಷಯವು ಏಕಮುಖ ವಿದ್ಯುತ್ತಿನ ಜಾಲದಲ್ಲಿ ದೋಷವುಂಟಾದಾಗ ಏನನ್ನು ಕತ್ತರಿಸಬೇಕು, ಏನನ್ನು ಉಳಿಸಬೇಕು ಎಂಬುದನ್ನು ಮೊದಲೇ ಯೋಜಿಸಿಡುವ ವಿದ್ಯೆ. ಪರೀಕ್ಷೆಯ ಒರೆಗಲ್ಲು ಒಂದೇ: ಯಾವ ಭೇದವನ್ನು ತಿಳಿಯದಿದ್ದರೆ ನಿರ್ಣಯವು ತಪ್ಪುವುದೋ, ಆ ಭೇದವನ್ನು ಶಬ್ದವು ಹೊರುವುದೇ, ಇಲ್ಲವೇ? ವ್ಯಾಕರಣಶುದ್ಧಿಯು ಇದರ ಅನಂತರದ ಪ್ರಶ್ನೆ.

ಈ ವಿಷಯವು ನಮಗೆ ದೂರದ್ದೆಂದು ವಾಚಕರು ಭಾವಿಸಬಾರದು. ೧೮೮೨ರಲ್ಲಿ ಎಡಿಸನ್ ಮಹಾಶಯನು ನ್ಯೂಯಾರ್ಕ್ ನಗರಕ್ಕೆ ಕೊಟ್ಟ ದೀಪಗಳು ಏಕಮುಖ ಪ್ರವಾಹದವಾಗಿದ್ದವು. ಒತ್ತಡವನ್ನು ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರು ಬಂದ ಮೇಲೆ ದಿಕ್ಕು ಬದಲಿಸುವ ಪ್ರವಾಹವು ಗೆದ್ದಿತು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು ಅದೇ. ಆದರೆ ಏಕಮುಖ ಪ್ರವಾಹವು ಈಗ ಮರಳಿ ಬಂದಿದೆ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ೧,೩೫೦ ಕಿಲೋಮೀಟರಿಗೂ ಮೀರಿದ ಮಾರ್ಗವೊಂದು ೨೦೦೩ರಿಂದ ಕೆಲಸಮಾಡುತ್ತಿದೆ. ಅದರ ಒತ್ತಡವು ಧನ ಮತ್ತು ಋಣ ೫೦೦ ಕಿಲೋವೋಲ್ಟು, ಮೊದಲ ಸಾಮರ್ಥ್ಯವು ೨,೦೦೦ ಮೆಗಾವಾಟು. ಬೆಂಗಳೂರಿನ 'ನಮ್ಮ ಮೆಟ್ರೋ' ೨೦೧೧ರ ಅಕ್ಟೋಬರಿನಲ್ಲಿ ಓಡಲಾರಂಭಿಸಿದ್ದು ೭೫೦ ವೋಲ್ಟಿನ ಏಕಮುಖ ವಿದ್ಯುತ್ತನ್ನು ಹೊತ್ತ ಮೂರನೆಯ ಹಳಿಯಿಂದ. ೨೦೧೯ರಲ್ಲಿ ಕೇಂದ್ರಸರಕಾರವು ಆರಂಭಿಸಿದ ಕುಸುಮ್ ಯೋಜನೆಯು ಸೌರ ಪಂಪನ್ನು ರೈತನ ಹೊಲಕ್ಕೆ ತರುವುದು. ಸೌರಫಲಕವು ಕೊಡುವುದು ಏಕಮುಖ ವಿದ್ಯುತ್ತೇ. ಇವುಗಳ ಬಳಿ ದುಡಿಯುವವರಲ್ಲಿ ಬಹುಮಂದಿಗೆ ಕನ್ನಡವೇ ತಿಳಿವಳಿಕೆಯ ಭಾಷೆ. ಶಬ್ದವು ಅವರನ್ನು ದಾರಿ ತಪ್ಪಿಸಿದರೆ ಆಗುವ ಹಾನಿಯು ಪುಸ್ತಕದಲ್ಲಿ ಆಗುವುದಲ್ಲ.

೨

ಮೊದಲು ಪ್ರವಾಹದ ಹೆಸರನ್ನೇ ನೋಡೋಣ. ನಮ್ಮ ಪಾಠಪುಸ್ತಕಗಳಲ್ಲಿ 'ನೇರ ವಿದ್ಯುತ್ ಪ್ರವಾಹ', 'ಪರ್ಯಾಯ ವಿದ್ಯುತ್ ಪ್ರವಾಹ' ಎಂಬ ಜೋಡಿಯು ರೂಢವಾಗಿದೆ. ಇವೆರಡೂ ಇಂಗ್ಲಿಷ್ ಶಬ್ದಗಳ ಬೆನ್ನು ಹಿಡಿದು ಹೋದುವು. 'ನೇರ'ವೆಂದರೆ ಕನ್ನಡಿಗನಿಗೆ ಸೊಟ್ಟಲ್ಲದ್ದು, ಇಲ್ಲವೆ ನಡುವೆ ಯಾರ ಕೈಯನ್ನೂ ಹಾಯದೆ ಬಂದದ್ದು. ತಂತಿಯು ಎಷ್ಟು ಸುತ್ತಿ ಬಳಸಿ ಹೋದರೂ ಅದರೊಳಗಿನ ಪ್ರವಾಹವು 'ನೇರ'ವೇ ಎಂದು ಹೇಳಿದರೆ ವಿದ್ಯಾರ್ಥಿಯು ಬೆರಗಾಗುವುದು ಸಹಜ. 'ಏಕಮುಖ'ವೆಂಬುದು ಸಂಗತಿಯನ್ನೇ ಹೇಳುತ್ತದೆ. ಆದುದರಿಂದ ಈ ಲೇಖನದಲ್ಲಿ ಅದನ್ನೇ ಬಳಸಿದೆ.

'ಪರ್ಯಾಯ'ದ ಕಥೆಯು ಸ್ವಲ್ಪ ಭಿನ್ನವಾದುದು. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಸರದಿ, ಒಂದರ ಬಳಿಕ ಒಂದು ಎಂಬ ಅರ್ಥವಿದೆ. ಉಡುಪಿಯ ಅಷ್ಟಮಠಗಳ ಯತಿಗಳು ಎರಡೆರಡು ವರ್ಷಗಳಿಗೊಮ್ಮೆ ಶ್ರೀಕೃಷ್ಣಪೂಜೆಯನ್ನು ವಹಿಸಿಕೊಳ್ಳುವ ಪರ್ಯಾಯೋತ್ಸವದಲ್ಲಿ ಆ ಅರ್ಥವು ಇಂದಿಗೂ ಜೀವಂತವಾಗಿದೆ. ಪ್ರವಾಹವು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸರದಿಯಂತೆ ಹರಿಯುವುದನ್ನು ಪರ್ಯಾಯವೆಂದು ಕರೆದವರು ಪಂಡಿತರೇ ಸರಿ. ಶಬ್ದವು ಆಗ ಶುದ್ಧವಾಗಿಯೇ ಇತ್ತು. ಆದರೆ ವ್ಯವಹಾರದ ಕನ್ನಡದಲ್ಲಿ 'ಪರ್ಯಾಯ ಮಾರ್ಗ', 'ಪರ್ಯಾಯ ವ್ಯವಸ್ಥೆ' ಎಂದರೆ ಒಂದಿಲ್ಲದಿದ್ದರೆ ಇನ್ನೊಂದು ಎಂಬ ಅರ್ಥವೇ ಮೇಲಾಗಿ ನಿಂತಿದೆ. ಇಂದಿನ ಬಾಲಕನು 'ಪರ್ಯಾಯ ವಿದ್ಯುತ್' ಎಂಬುದನ್ನು ಓದಿ, ಮಾಮೂಲು ವಿದ್ಯುತ್ತು ಹೋದಾಗ ಬರುವ ಬದಲಿ ವಿದ್ಯುತ್ತೆಂದು ತಿಳಿದರೆ ಅವನನ್ನು ದೂರಲಾಗದು. ಶಬ್ದವು ನಿಂತಲ್ಲಿಯೇ ಇದ್ದು ಭಾಷೆಯು ಮುಂದೆ ಸಾಗಿದಾಗ ಇಂತಹ ಭ್ರಮೆಗಳು ಹುಟ್ಟುತ್ತವೆ. 'ಉಭಯಮುಖ'ವೆಂದರೆ ಜೋಡಿಯೂ ಸಮನಾಗುವುದು, ಅರ್ಥವೂ ತಿಳಿಯಾಗುವುದು.

ಈ ಭೇದವು ಹೆಸರಿನ ಸೊಗಸಿಗಾಗಿ ಮಾತ್ರ ಬೇಕಾದುದಲ್ಲ. ನಮ್ಮ ದೇಶದ ಉಭಯಮುಖ ಪ್ರವಾಹವು ಸೆಕೆಂಡಿಗೆ ೫೦ ಆವರ್ತಗಳನ್ನು ಮಾಡುತ್ತದೆ. ದಿಕ್ಕು ಬದಲಿಸುವ ಪ್ರತಿಸಲವೂ ಅದು ಸೊನ್ನೆಯನ್ನು ದಾಟಬೇಕಾದುದರಿಂದ ಸೆಕೆಂಡಿಗೆ ೧೦೦ ಬಾರಿ ತಾನಾಗಿಯೇ ಇಲ್ಲವಾಗುತ್ತದೆ. ಬ್ರೇಕರಿನ ತುಟಿಗಳು ಬೇರ್ಪಟ್ಟಾಗ ಅವುಗಳ ನಡುವೆ ಉರಿಯುವ ಜ್ವಾಲೆಯು ಆ ಸೊನ್ನೆಯ ಕ್ಷಣದಲ್ಲಿ ಆರುವುದು. ಮತ್ತೆ ಹೊತ್ತಿಕೊಳ್ಳದಂತೆ ನೋಡಿಕೊಂಡರೆ ಸಾಕು. ಏಕಮುಖ ಪ್ರವಾಹಕ್ಕೆ ಇಂತಹ ವಿರಾಮವೇ ಇಲ್ಲ. ತುಟಿಗಳನ್ನು ತೆರೆದರೂ ಜ್ವಾಲೆಯು ಉರಿಯುತ್ತಲೇ ಇರುವುದು; ಸೊನ್ನೆಯನ್ನು ನಾವೇ ಬಲವಂತದಿಂದ ಉಂಟುಮಾಡಬೇಕು. ದೋಷರಕ್ಷಣೆಯ ಕಷ್ಟದ ಬಹುಭಾಗವು ಈ ಒಂದು ಸಂಗತಿಯಿಂದ ಹುಟ್ಟಿದೆ. 'ಏಕಮುಖ'ವೆಂಬ ಶಬ್ದವನ್ನು ಕೇಳಿದವನು, ಹಾಗಾದರೆ ಇದು ಎಂದೂ ತಿರುಗುವುದಿಲ್ಲ, ತಿರುಗದ್ದು ಎಂದೂ ನಿಲ್ಲುವುದಿಲ್ಲವೆಂದು ತಾನೇ ಊಹಿಸಬಲ್ಲನು. 'ನೇರ'ವೆಂಬುದರಿಂದ ಈ ಊಹೆಯು ಹೊರಡುವುದಿಲ್ಲ.

೩

ಇನ್ನು 'ದೋಷ'. ಸಾಹಿತ್ಯಾಧ್ಯಾಪಕರಿಗೆ ಇದು ಚಿರಪರಿಚಿತವಾದ ಶಬ್ದ. ಕವಿರಾಜಮಾರ್ಗಕಾರನು ದೋಷವಿಚಾರಕ್ಕೆ ಎಷ್ಟು ಸ್ಥಳವನ್ನು ಕೊಟ್ಟಿದ್ದಾನೆಂಬುದನ್ನು ಎಲ್ಲರೂ ಬಲ್ಲರು. ವೈದ್ಯದಲ್ಲಿ ತ್ರಿದೋಷಗಳುಂಟು, ಜ್ಯೋತಿಷದಲ್ಲಿ ಗ್ರಹದೋಷವುಂಟು, ನೀತಿಯಲ್ಲಿ ದೋಷಿಯುಂಟು. ಇಷ್ಟು ಮನೆಗಳಲ್ಲಿ ವಾಸವಾಗಿರುವ ಶಬ್ದವನ್ನು ವಿದ್ಯುಚ್ಛಾಸ್ತ್ರವು ತನ್ನ ಮನೆಗೂ ಕರೆದುಕೊಂಡಿತು. ಬರುವಾಗ ಅದು ಹಳೆಯ ಸಾಮಾನುಗಳನ್ನೂ ಹೊತ್ತುಕೊಂಡೇ ಬಂದಿತು.

ಮೊದಲನೆಯ ತೊಡಕು ಇದು. ವಸ್ತುವಿನಲ್ಲಿ ನೆಲೆಸಿರುವ ಊನವೊಂದು. ಯಾವುದೋ ಕ್ಷಣದಲ್ಲಿ ಪ್ರವಾಹವು ತನ್ನ ದಾರಿಯನ್ನು ಬಿಟ್ಟು ನೆಲಕ್ಕೋ ಇನ್ನೊಂದು ತಂತಿಗೋ ಹಾಯುವ ಘಟನೆಯೊಂದು. ಇವೆರಡಕ್ಕೂ ಕನ್ನಡದಲ್ಲಿ ದೋಷವೆಂದೇ ಹೇಳುತ್ತೇವೆ. ಕಂಬದ ಮೇಲಿನ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದು ಅದು ವರ್ಷಗಟ್ಟಲೆ ಸುಮ್ಮನಿರಬಹುದು: ಊನವಿದೆ, ಘಟನೆಯಿಲ್ಲ. ಎಲ್ಲವೂ ನೆಟ್ಟಗಿರುವ ಮಾರ್ಗಕ್ಕೆ ಸಿಡಿಲು ಬಡಿದು ಕ್ಷಣಕಾಲ ಪ್ರವಾಹವು ಕಂಬಕ್ಕೆ ಹಾರಬಹುದು: ಘಟನೆಯಿದೆ, ಊನವಿಲ್ಲ. ರಕ್ಷಣಾಸಾಧನವು ಅರಿಯಬಲ್ಲದ್ದು ಎರಡನೆಯದನ್ನು ಮಾತ್ರ. ಮೊದಲನೆಯದನ್ನು ಕಾಣುವುದು ಪರಿಶೀಲಕನ ಕಣ್ಣು. ಒಂದೇ ಶಬ್ದದಿಂದ ಎರಡನ್ನೂ ಹೇಳಿದಾಗ, 'ದೋಷವನ್ನು ಪತ್ತೆಹಚ್ಚುವ ಉಪಕರಣವಿದೆ' ಎಂಬ ವಾಕ್ಯವನ್ನು ಓದಿದವನು ಪರಿಶೀಲನೆಯ ಅಗತ್ಯವಿಲ್ಲವೆಂದು ತಿಳಿಯಬಹುದು. ಪರಿಹಾರವು ಕನ್ನಡದಲ್ಲಿಯೇ ಇದೆ. ಊನಕ್ಕೆ 'ಕುಂದು' ಎಂದೂ, ಘಟನೆಗೆ 'ದೋಷ'ವೆಂದೂ ಗೊತ್ತುಮಾಡಿಕೊಂಡು, ಕುಂದು 'ಇರುವುದು', ದೋಷವು 'ಸಂಭವಿಸುವುದು' ಎಂದು ಕ್ರಿಯಾಪದವನ್ನೂ ಬೇರ್ಪಡಿಸಿದರೆ ಸಂದೇಹಕ್ಕೆ ಎಡೆಯುಳಿಯದು. ಪರಿಭಾಷೆಯೆಂದರೆ ನಾಮಪದಗಳ ಪಟ್ಟಿಯೆಂದು ತಿಳಿದಿರುವ ನಿಘಂಟುಕಾರರು ಈ ಕ್ರಿಯಾಪದದ ಕಡೆಗೆ ಗಮನವಿಡಬೇಕಾಗಿದೆ.

ಎರಡನೆಯ ತೊಡಕು ಇನ್ನೂ ಸ್ವಾರಸ್ಯವುಳ್ಳದ್ದು. ಸಿಡಿಲಿನಿಂದಾದ ದೋಷವು ಕ್ಷಣದಲ್ಲಿ ಕಳೆದುಹೋಗುವುದು. ನೆಲದೊಳಗಿನ ಕೇಬಲ್ಲು ಒಡೆದರೆ ಆ ದೋಷವು ದುರಸ್ತಿಯಾಗುವವರೆಗೂ ನಿಲ್ಲುವುದು. ಇವನ್ನು 'ಅನಿತ್ಯದೋಷ', 'ನಿತ್ಯದೋಷ' ಎನ್ನುವ ಆಸೆಯು ಅಲಂಕಾರಶಾಸ್ತ್ರವನ್ನು ಓದಿದವರಿಗೆ ಹುಟ್ಟುವುದು ಸಹಜವೇ. ಆದರೆ ಅದು ಸಲ್ಲದು. ಆನಂದವರ್ಧನನ ಮತದಲ್ಲಿ ಅನಿತ್ಯದೋಷವೆಂದರೆ ಬೇಗ ಕಳೆಯುವ ದೋಷವಲ್ಲ. ಸಂದರ್ಭವನ್ನು ಅನುಸರಿಸಿ ದೋಷವಾಗುವುದು, ಇಲ್ಲವೆ ಆಗದಿರುವುದು. ಕಿವಿಗೆ ಕಠೋರವಾದ ಅಕ್ಷರಬಂಧವು ಶೃಂಗಾರದಲ್ಲಿ ದೋಷ. ರೌದ್ರದಲ್ಲಿ ಅದೇ ಗುಣ. ಕಾಲವನ್ನು ಹೇಳಬೇಕಾದಲ್ಲಿ ಸಂದರ್ಭದ ಶಬ್ದವನ್ನು ಇಟ್ಟರೆ ಎರಡು ಶಾಸ್ತ್ರಗಳಿಗೂ ಅಪಚಾರವಾಗುವುದು. ಕಾಲದ ಭೇದಕ್ಕೆ 'ಕಳೆಯುವ ದೋಷ', 'ನಿಲ್ಲುವ ದೋಷ' ಎಂಬ ತಿಳಿಗನ್ನಡವೇ ಸಾಕು.

ಹಾಗೆಂದು ಆನಂದವರ್ಧನನ ವಿಚಾರವು ಇಲ್ಲಿ ನಿರುಪಯೋಗಿಯಲ್ಲ. ಅದು ಸಲ್ಲುವ ಸ್ಥಳವು ಬೇರೆ. ಮೆಟ್ರೋದ ಮೂರನೆಯ ಹಳಿಯನ್ನು ನೋಡಿರಿ. ನಿಲ್ದಾಣದಲ್ಲಿ ನಿಂತಿದ್ದ ಗಾಡಿಯು ಹೊರಡುವಾಗ ಸಾವಿರಾರು ಆಂಪಿಯರುಗಳನ್ನು ಎಳೆದುಕೊಳ್ಳುವುದು. ಉಪಕೇಂದ್ರದಿಂದ ದೂರದಲ್ಲಿ ಸಂಭವಿಸಿದ ದೋಷವು ಎಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಪ್ರವಾಹದ ಪ್ರಮಾಣವೊಂದನ್ನೇ ನೋಡಿದರೆ ಬೇಡಿಕೆ ಯಾವುದು, ದೋಷ ಯಾವುದು ಎಂದು ತಿಳಿಯದು. ಆದುದರಿಂದ ರಿಲೇಯು ಪ್ರವಾಹವು ಎಷ್ಟೆಂಬುದರ ಜೊತೆಗೆ, ಅದು ಎಷ್ಟು ವೇಗದಿಂದ ಏರಿತು, ಎಷ್ಟು ಹೊತ್ತು ಏರುತ್ತ ಹೋಯಿತು ಎಂಬುದನ್ನೂ ಅಳೆಯುತ್ತದೆ. ಒಂದೇ ಲಕ್ಷಣವು ಒಂದು ಪ್ರಸಂಗದಲ್ಲಿ ಗುಣ, ಇನ್ನೊಂದರಲ್ಲಿ ದೋಷ; ಪ್ರಸಂಗವನ್ನು ಅರಿಯದೆ ಲಕ್ಷಣದಿಂದಲೇ ತೀರ್ಪು ಕೊಡುವ ರಿಲೇಯು ಹೊರಡುವ ಗಾಡಿಯನ್ನು ನಿಲ್ಲಿಸುವುದು. ಅಪೂರ್ವವಾದ ಪ್ರಯೋಗವನ್ನೆಲ್ಲ ವ್ಯಾಕರಣದೋಷವೆಂದು ಕೊಯ್ದುಹಾಕುವ ವಿಮರ್ಶಕನೂ ಮಾಡುವುದು ಇದನ್ನೇ. 'ಅನಿತ್ಯದೋಷ'ವೆಂಬ ಶಬ್ದವು ವಿದ್ಯುಚ್ಛಾಸ್ತ್ರಕ್ಕೆ ಬರುವುದಾದರೆ ಈ ಬಾಗಿಲಿನಿಂದ ಬರಬೇಕು.

೪

ಎಲ್ಲಕ್ಕಿಂತ ಹೆಚ್ಚಾಗಿ ವಿಚಾರಮಾಡಬೇಕಾದ ಶಬ್ದವು 'ರಕ್ಷಣೆ'. ಕನ್ನಡದಲ್ಲಿ ರಕ್ಷಣೆಯೆಂದರೆ ಕೇಡು ಬಾರದಂತೆ ಕಾಯುವುದು. ವಿದ್ಯುಚ್ಛಾಸ್ತ್ರದ ರಕ್ಷಣೆಯು ಕೇಡು ಬಾರದಂತೆ ಮಾಡುವುದಿಲ್ಲ. ಬಂದ ಕೇಡನ್ನು ಅರಿತು ಅದು ಹರಡದಂತೆ ಮಾಡುತ್ತದೆ. ದೋಷವು ಸಂಭವಿಸುವವರೆಗೆ ಅದಕ್ಕೆ ಕೆಲಸವೇ ಇಲ್ಲ. ಇದನ್ನು ಅರಿಯದವನು 'ರಕ್ಷಣೆ ಇದೆ' ಎಂಬ ಫಲಕವನ್ನು ನೋಡಿ ಧೈರ್ಯದಿಂದ ಮುಟ್ಟಿದರೆ ಅದು ಶಬ್ದದಿಂದಾದ ಅನರ್ಥವೆಂದೇ ಹೇಳಬೇಕು.

ಇಷ್ಟೇ ಅಲ್ಲ. ರಕ್ಷಣೆಯೆಂಬುದು ಷಷ್ಠೀವಿಭಕ್ತಿಯನ್ನು ಬೇಡುವ ಶಬ್ದ: ಯಾರ ರಕ್ಷಣೆ? ಪಂಚಮಿಯನ್ನೂ ಬೇಡುತ್ತದೆ: ಯಾವುದರಿಂದ? ನಮ್ಮ ಪಾರಿಭಾಷಿಕ ಗದ್ಯವು ಇವೆರಡನ್ನೂ ಬಿಟ್ಟು ಶಬ್ದವನ್ನು ಬತ್ತಲೆಯಾಗಿ ನಿಲ್ಲಿಸುತ್ತದೆ. ಸಾವಿರಾರು ಆಂಪಿಯರುಗಳಿಗೆ ಹೊಂದಿಸಿದ ಬ್ರೇಕರು ರಕ್ಷಿಸುವುದು ತಂತಿಯನ್ನು, ಪರಿವರ್ತಕವನ್ನು, ಜಾಲವನ್ನು. ಮನುಷ್ಯನ ಮೈಮೂಲಕ ಹಾಯ್ದು ಅವನ ಪ್ರಾಣವನ್ನು ತೆಗೆಯುವ ಪ್ರವಾಹವು ಒಂದು ಆಂಪಿಯರಿನ ಅಲ್ಪಭಾಗ ಮಾತ್ರ. ಆ ಬ್ರೇಕರಿಗೆ ಅದು ಕಾಣುವುದೇ ಇಲ್ಲ. ಯಂತ್ರದ ರಕ್ಷಣೆಯು ಮನುಷ್ಯನ ರಕ್ಷಣೆಯಲ್ಲ. ಎರಡನೆಯದಕ್ಕೆ ಬೇಲಿ, ಹೊದಿಕೆ, ಅಂತರ, ಶಿಕ್ಷಣ ಮತ್ತು ಬೇರೆಯ ಸೂಕ್ಷ್ಮಸಾಧನಗಳು ಬೇಕು.

ಸೌರ ಪಂಪಿನ ವಿಷಯದಲ್ಲಿ ಈ ಭೇದವು ಹೊಲದವರೆಗೂ ಬಂದು ನಿಂತಿದೆ. ಸೌರಫಲಕಗಳ ಸಾಲಿನಲ್ಲಿ ತಂತಿಗಳು ಒಂದಕ್ಕೊಂದು ತಗಲಿದರೂ ಹರಿಯುವ ಪ್ರವಾಹವು ನಿತ್ಯದ ಪ್ರವಾಹಕ್ಕಿಂತ ಸ್ವಲ್ಪವೇ ಹೆಚ್ಚು. ಏಕೆಂದರೆ ಬಿಸಿಲು ಕೊಡುವಷ್ಟನ್ನು ಮೀರಿ ಫಲಕವು ಕೊಡಲಾರದು. ಆದುದರಿಂದ ಫ್ಯೂಸು ಹೋಗದೆಯೇ ಉಳಿಯಬಹುದು, ಜ್ವಾಲೆಯು ಉರಿಯುತ್ತಲೇ ಇರಬಹುದು. ಮೇಲಾಗಿ, ಪಂಪಿನ ಸ್ವಿಚ್ಚನ್ನು ತೆಗೆದರೂ ಫಲಕದಿಂದ ಸ್ವಿಚ್ಚಿನವರೆಗಿನ ತಂತಿಯು ಬಿಸಿಲಿರುವ ತನಕ ಸಜೀವವಾಗಿಯೇ ಇರುವುದು. 'ಕರೆಂಟ್ ಹೋಯಿತು' ಎಂಬ ನಮ್ಮ ದಿನನಿತ್ಯದ ಮಾತು ಕಂಬದಿಂದ ಬರುವ ವಿದ್ಯುತ್ತಿಗೆ ಹುಟ್ಟಿದ್ದು: ಎಲ್ಲಿಂದಲೋ ಬರುವುದು, ಅಲ್ಲಿ ನಿಲ್ಲಿಸಿದರೆ ಹೋಗುವುದು. ಫಲಕದ ಕರೆಂಟು ಹೋಗುವುದು ಹೊತ್ತು ಮುಳುಗಿದಾಗ. ಈ ಒಂದು ಮಾತನ್ನು ಸೂಚನಾಪತ್ರದಲ್ಲಿ 'ಏಕಮುಖ ಭಾಗದ ಪ್ರತ್ಯೇಕನ ರಕ್ಷಣೆಯನ್ನು ಒದಗಿಸಲಾಗಿದೆ' ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. 'ಸ್ವಿಚ್ಚು ತೆಗೆದ ಮೇಲೂ ಫಲಕದ ತಂತಿಯಲ್ಲಿ ಬಿಸಿಲಿರುವವರೆಗೆ ವಿದ್ಯುತ್ತಿರುತ್ತದೆ. ಮುಟ್ಟಬೇಡಿರಿ' ಎಂದು ಬರೆದರೆ ಅದು ಶಾಸ್ತ್ರಗದ್ಯವೂ ಹೌದು, ಒಳ್ಳೆಯ ಕನ್ನಡವೂ ಹೌದು.

೫

ಈ ರಕ್ಷಣೆಯನ್ನು ಯೋಜಿಸುವುದೆಂದರೇನೆಂಬುದನ್ನು ಈಗ ನೋಡಬಹುದು. ತಾಲ್ಚೇರ್–ಕೋಲಾರ ಮಾರ್ಗಕ್ಕೆ ಎರಡೇ ಕೊನೆಗಳು. ತಂತಿಯಲ್ಲಿ ದೋಷವು ಸಂಭವಿಸಿದರೆ ಕಳಿಸುವ ಕೊನೆಯ ಪರಿವರ್ತಕವು ತನ್ನ ಥೈರಿಸ್ಟರುಗಳನ್ನು ಹಚ್ಚುವ ಕ್ಷಣವನ್ನು ಹಿಂದೆ ತಳ್ಳಿ ಪ್ರವಾಹವನ್ನು ಸೊನ್ನೆಗಿಳಿಸುತ್ತದೆ. ಅಯಾನೀಕೃತವಾದ ಗಾಳಿಯು ಮರಳಿ ಅವಾಹಕವಾಗುವಷ್ಟು ಹೊತ್ತು ಕಾದು, ಮತ್ತೆ ಆರಂಭಿಸುತ್ತದೆ. ಇಲ್ಲಿ ಕತ್ತರಿಸುವ ಬ್ರೇಕರಿಗಿಂತ ತಡೆಯುವ ನಿಯಂತ್ರಣವೇ ಮುಖ್ಯವಾದುದು. ಒಂದು ಧ್ರುವವು ನಿಂತರೆ ಇನ್ನೊಂದು ಧ್ರುವವು ಕೆಲಸವನ್ನು ನಡೆಯಿಸಬಲ್ಲದು.

ಆದರೆ ಇದು 'ಮಾರ್ಗ'ವೇ ಹೊರತು 'ಜಾಲ'ವಲ್ಲ. ನಮ್ಮ ಪತ್ರಿಕೆಗಳಲ್ಲಿ ಈ ಎರಡು ಶಬ್ದಗಳನ್ನೂ ಒಂದಕ್ಕೆ ಬದಲಾಗಿ ಇನ್ನೊಂದನ್ನು ಬಳಸುವುದುಂಟು. ಮಾರ್ಗಕ್ಕೆ ಎರಡು ಕೊನೆಗಳು. ಜಾಲಕ್ಕೆ ಹಲವು ಗಂಟುಗಳು. ಅಸ್ಸಾಮಿನ ವಿಶ್ವನಾಥ ಚಾರಿಯಾಲಿ ಮತ್ತು ಬಂಗಾಳದ ಅಲಿಪುರದ್ವಾರಗಳಿಂದ ಆಗ್ರಾಕ್ಕೆ ಹೋಗುವ ೮೦೦ ಕಿಲೋವೋಲ್ಟಿನ ವ್ಯವಸ್ಥೆಯು ಹಲವು ಕೊನೆಗಳುಳ್ಳದ್ದು. ಚೀನದ ಝಾಂಗ್‌ಬೇಯಲ್ಲಿ ೨೦೨೦ರಿಂದ ೫೦೦ ಕಿಲೋವೋಲ್ಟಿನ ನಾಲ್ಕು ಗಂಟುಗಳ ಜಾಲವು ನಡೆಯುತ್ತಿದೆ. ನಮ್ಮ ನೆರೆಯ ಪುಗಳೂರು–ತ್ರಿಶೂರು ಮಾರ್ಗವು ೨೦೨೧ರಿಂದ ಹೊಸಬಗೆಯ, ಅಂದರೆ ಒತ್ತಡವನ್ನು ಸ್ಥಿರವಾಗಿಡುವ, ಪರಿವರ್ತಕಗಳನ್ನು ಬಳಸುತ್ತಿದೆ. ಮುಂದೆ ಜಾಲಗಳನ್ನು ಕಟ್ಟುವುದು ಈ ಬಗೆಯಿಂದಲೇ ಸುಲಭ. ಆದರೆ ದೋಷವನ್ನು ತಡೆಯುವುದು ಇದರಲ್ಲಿಯೇ ಕಷ್ಟ. ದೋಷವು ಸಂಭವಿಸಿದೊಡನೆ ಜಾಲದಲ್ಲಿ ಸಂಚಿತವಾಗಿದ್ದ ವಿದ್ಯುತ್ತೆಲ್ಲ ಆ ಸ್ಥಳಕ್ಕೆ ನುಗ್ಗುವುದು. ಪರಿವರ್ತಕದ ಸ್ವಿಚ್ಚುಗಳನ್ನು ಮುಚ್ಚಿದರೂ, ಸಾಮಾನ್ಯರಚನೆಯಲ್ಲಿ ಅವುಗಳ ಜೊತೆಗಿರುವ ಡಯೋಡುಗಳ ಮೂಲಕ ಉಭಯಮುಖ ಜಾಲವು ದೋಷವನ್ನು ಉಣಿಸುತ್ತಲೇ ಇರುವುದು. ಉಭಯಮುಖದ ಬ್ರೇಕರಿಗೆ ಹತ್ತಾರು ಮಿಲಿಸೆಕೆಂಡುಗಳ ಅವಕಾಶವಿರುತ್ತದೆ. ಇಲ್ಲಿ ಕೆಲವೇ ಮಿಲಿಸೆಕೆಂಡುಗಳು. ೨೦೧೨ರಲ್ಲಿ ಎ.ಬಿ.ಬಿ. ಸಂಸ್ಥೆಯು ೫ ಮಿಲಿಸೆಕೆಂಡಿನೊಳಗೆ ಕತ್ತರಿಸುವ ಮಿಶ್ರಬ್ರೇಕರನ್ನು ಪ್ರಕಟಿಸಿದಾಗ ಅದು ದೊಡ್ಡ ಸುದ್ದಿಯಾದುದಕ್ಕೆ ಕಾರಣವು ಇದೇ.

ಯೋಜಕನ ಮುಂದೆ ಮೂರು ದಾರಿಗಳಿವೆ. ದೋಷವು ಎಲ್ಲಿಯೇ ಆಗಲಿ ಇಡೀ ಏಕಮುಖ ಜಾಲವನ್ನು ಉಭಯಮುಖದ ಕಡೆಯ ಬ್ರೇಕರುಗಳಿಂದ ನಿಲ್ಲಿಸಿ, ಕೆಟ್ಟ ಭಾಗವನ್ನು ಬೇರ್ಪಡಿಸಿ, ಮತ್ತೆ ಆರಂಭಿಸುವುದು ಒಂದು: ಖರ್ಚು ಕಡಿಮೆ, ನಿಲುಗಡೆ ಹೆಚ್ಚು. ಜಾಲವನ್ನು ಕೆಲವು ಭಾಗಗಳಾಗಿ ವಿಂಗಡಿಸಿ, ಭಾಗಗಳ ನಡುವೆ ಮಾತ್ರ ವೇಗದ ಬ್ರೇಕರುಗಳನ್ನಿಟ್ಟು, ಕೆಟ್ಟ ಭಾಗವನ್ನು ಮಾತ್ರ ನಿಲ್ಲಿಸುವುದು ಎರಡು. ಪ್ರತಿಮಾರ್ಗದ ಎರಡು ಕೊನೆಗಳಲ್ಲಿಯೂ ವೇಗದ ಬ್ರೇಕರನ್ನಿಟ್ಟು ಕೆಟ್ಟ ಮಾರ್ಗವೊಂದನ್ನೇ ಕತ್ತರಿಸುವುದು ಮೂರು: ನಿಲುಗಡೆ ಅತ್ಯಲ್ಪ, ಖರ್ಚು ವಿಪರೀತ. ಜಾಲವು ಎಷ್ಟು ಶಕ್ತಿಯನ್ನು ಎಷ್ಟು ಹೊತ್ತು ಕಳೆದುಕೊಂಡರೆ ಸುತ್ತಲಿನ ಉಭಯಮುಖ ವ್ಯವಸ್ಥೆಯು ಕುಸಿಯದೆ ನಿಲ್ಲುವುದೆಂಬ ಲೆಕ್ಕವು ಈ ಆಯ್ಕೆಯನ್ನು ಗೊತ್ತುಮಾಡಬೇಕು.

ಇಂಗ್ಲಿಷಿನವರು ಕೆಟ್ಟದ್ದನ್ನು ಮಾತ್ರ ಕತ್ತರಿಸುವ ಗುಣವನ್ನು ಡಿಸ್ಕ್ರಿಮಿನೇಷನ್ ಎಂದೂ ಸೆಲೆಕ್ಟಿವಿಟಿ ಎಂದೂ ಕರೆಯುವರು. 'ತಾರತಮ್ಯ'ವೆಂದರೆ ಇಂದು ಪಕ್ಷಪಾತವೆಂಬ ಅರ್ಥವು ಮುಂದಾಗಿ ನಿಲ್ಲುವುದು. 'ಆಯ್ಕೆ'ಯೆಂಬುದು ಅಂಗಡಿಯ ಮಾತು. 'ವಿವೇಚನೆ'ಯೇ ಉಚಿತವಾದ ಶಬ್ದ. ಬೇರ್ಪಡಿಸಿ ಅರಿಯುವುದೆಂಬ ಧಾತ್ವರ್ಥವೂ ಕೂಡಿಬರುತ್ತದೆ. ಆದರೆ ಮೂರು ದಾರಿಗಳಿಗೆ 'ನಿರ್ವಿವೇಚನ', 'ಅರ್ಧವಿವೇಚನ', 'ಪೂರ್ಣವಿವೇಚನ' ಎಂದು ಹೆಸರಿಟ್ಟೊಡನೆ ತೀರ್ಪು ಆಗಿಹೋಗುತ್ತದೆ! ವಿವೇಚನೆಯಿಲ್ಲದ ಯೋಜನೆಯನ್ನು ಯಾವ ಸಭೆಯು ಒಪ್ಪೀತು? ಚಿಕ್ಕ ಜಾಲಕ್ಕೆ ಮೊದಲನೆಯ ದಾರಿಯೇ ಬುದ್ಧಿವಂತಿಕೆಯದಾಗಿರಬಹುದು. ಹೆಸರು ಅದನ್ನು ಮೂರ್ಖತನವೆಂದು ಸಾರಿಬಿಡುತ್ತದೆ. ಆದುದರಿಂದ ನಿಲ್ಲುವುದು ಯಾವುದೋ ಅದರಿಂದ ಹೆಸರಿಡುವುದು ಲೇಸು: 'ಜಾಲನಿಲುಗಡೆ', 'ಭಾಗನಿಲುಗಡೆ', 'ಮಾರ್ಗನಿಲುಗಡೆ'. ಇದನ್ನು ಓದಿದ ಸಾಮಾನ್ಯನೂ ನಮ್ಮ ಊರು ಯಾವುದರಲ್ಲಿ ಕತ್ತಲಾಗುವುದೆಂದು ಕೇಳಬಲ್ಲನು. ಅವನು ಕೇಳಲೇಬೇಕಾದ ಪ್ರಶ್ನೆಯೂ ಅದೇ.

ಇನ್ನೊಂದು ಶಬ್ದವನ್ನು ಸಂತೋಷದಿಂದ ಹೆಸರಿಸಬಹುದು. ಮೊದಲನೆಯ ಬ್ರೇಕರು ಕೆಲಸಮಾಡದಿದ್ದರೆ ಅದ‌ರ ಹಿಂದಿನದು ಕತ್ತರಿಸಬೇಕು. ಇದಕ್ಕೆ 'ಬ್ಯಾಕಪ್ ಪ್ರೊಟೆಕ್ಷನ್' ಎಂಬುದನ್ನು ಹಾಗೆಯೇ ಹೇಳುತ್ತಿದ್ದೇವೆ. ಕನ್ನಡದಲ್ಲಿ 'ಬೆಂಗಾವಲು' ಇದೆ: ಬೆನ್ನ ಹಿಂದಿನ ಕಾವಲು. ರಾಜರ ಮೆರವಣಿಗೆಯಿಂದ ಅದನ್ನು ಬಿಡಿಸಿ ತಂದರೆ ಅಕ್ಷರಶಃ ಸಲ್ಲುತ್ತದೆ.

೬

ಏಕಮುಖ ಪ್ರವಾಹವನ್ನು ನೀರಿಗೆ ಹೋಲಿಸಿ ಕಲಿಸುವುದು ನಮ್ಮ ಶಾಲೆಗಳ ಪದ್ಧತಿ. ಈ ಉಪಮೆಯು ಎಲ್ಲಿಯವರೆಗೆ ಸಲ್ಲುವುದೆಂಬುದನ್ನು ಧಾರವಾಡದ ಬಳಿಯ ಮುಗದದಂತಹ ಊರಿನಲ್ಲಿ ನಿಂತು ಪರೀಕ್ಷಿಸಬಹುದು. ೧೧ನೆಯ ಶತಮಾನದ ಬಸದಿಯ ಶಾಸನದಿಂದ ಇತಿಹಾಸಜ್ಞರಿಗೆ ಪರಿಚಿತವಾದ ಈ ಗ್ರಾಮದಲ್ಲಿ ಕೆರೆಯಿದೆ, ಭತ್ತದ ಸೀಮೆಯಿದು, 'ಮುಗದ ಸುಗಂಧ'ವೆಂಬ ತಳಿಗೆ ಹೆಸರು ಕೊಟ್ಟ ಸಂಶೋಧನಕೇಂದ್ರವೂ ಇಲ್ಲಿದೆ. ಕೆರೆಯ ಭಾಷೆಯಲ್ಲಿ ಏರಿ, ತೂಬು, ಕೋಡಿಗಳೆಂಬ ಮೂರು ಶಬ್ದಗಳು ಮೂರು ಕೆಲಸಗಳನ್ನು ಖಚಿತವಾಗಿ ಬೇರ್ಪಡಿಸುತ್ತವೆ. ತೂಬನ್ನು ಮನುಷ್ಯನು ತೆಗೆದು ಮುಚ್ಚುವನು. ಕೋಡಿಯು ಯಾರ ಅಪ್ಪಣೆಯನ್ನೂ ಕಾಯದೆ, ನೀರು ಮಟ್ಟವನ್ನು ಮೀರಿದೊಡನೆ ತಾನೇ ಹರಿಯುವುದು. ಕೋಡಿಯನ್ನು ಎಷ್ಟು ಎತ್ತರದಲ್ಲಿ, ಯಾವ ದಿಕ್ಕಿಗೆ ಇಡಬೇಕೆಂದು ಕೆರೆಯನ್ನು ಕಟ್ಟುವಾಗಲೇ ಗೊತ್ತುಮಾಡುವರು. ಇದು ರಕ್ಷಣೆಯ ಯೋಜನೆಯಲ್ಲದೆ ಮತ್ತೇನು? ಆ ಕೋಡಿಯು ರಕ್ಷಿಸುವುದು ಏರಿಯನ್ನು. ಕೋಡಿಯ ಕೆಳಗಿನ ಗದ್ದೆಯವನಿಗೆ ಅದರಿಂದ ನಷ್ಟವೇ ಆಗಬಹುದು. ಯಾರ ರಕ್ಷಣೆಯೆಂಬ ಮೇಲಿನ ಪ್ರಶ್ನೆಯನ್ನು ಕೆರೆಯೂರಿನ ರೈತನಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಉಪಮೆಯು ಮುರಿಯುವ ಸ್ಥಳವನ್ನೂ ಹೇಳಬೇಕು. ಏರಿ ಒಡೆದರೆ ನೀರೆಲ್ಲ ಒಡಕಿನ ಕಡೆಗೆ ನುಗ್ಗುವುದು. ದೋಷದ ಕಡೆಗೆ ಜಾಲದ ವಿದ್ಯುತ್ತು ನುಗ್ಗುವುದೂ ಹಾಗೆಯೇ. ಆದರೆ ನೀರು ನುಗ್ಗಲು ಹೊತ್ತು ಹಿಡಿಯುವುದು, ಊರು ಕೂಡಿ ಮಣ್ಣುಚೀಲಗಳನ್ನು ತರಬಹುದು. ವಿದ್ಯುತ್ತು ಕಣ್ಣೆವೆಯಿಕ್ಕುವುದಕ್ಕೆ ಮೊದಲೇ ಎಲ್ಲವನ್ನೂ ಮುಗಿಸಿರುವುದು. ಇಲ್ಲಿ ವಿಚಾರವನ್ನೆಲ್ಲ ಮೊದಲೇ ಮಾಡಿಟ್ಟಿರಬೇಕು. ಶಾಸನಗಳ ಭಾಷೆಯೂ ಒಂದು ಅಂಶದಲ್ಲಿ ಪಾಠ ಹೇಳಬಲ್ಲದು. ಕೆರೆಗೊಡಗೆ, ಬಿತ್ತುವಟ್ಟಗಳೆಂಬ ದತ್ತಿಗಳನ್ನು ಹೆಸರಿಡುವ ನಮ್ಮ ಶಾಸನಗದ್ಯವು ಭೂಮಿಯ ಸೀಮೆಯನ್ನು ದಿಕ್ಕು ದಿಕ್ಕಿಗೂ ಕಲ್ಲು, ಹಳ್ಳ, ಮರಗಳಿಂದ ಗುರುತಿಸಿ, ನಡುವೆ ಬಿರುಕು ಬಿಡದಂತೆ ಬರೆಯುತ್ತದೆ. ರಕ್ಷಣಾಯೋಜನೆಯಲ್ಲಿಯೂ ಪ್ರತಿಬ್ರೇಕರಿಗೆ ಒಂದು ಸೀಮೆಯುಂಟು. ಭೇದವಿಷ್ಟೇ: ಹೊಲದ ಸೀಮೆಗಳು ಒಂದರ ಮೇಲೊಂದು ಬಿದ್ದರೆ ವ್ಯಾಜ್ಯ, ರಕ್ಷಣೆಯ ಸೀಮೆಗಳು ಒಂದರ ಮೇಲೊಂದು ಬೀಳದಿದ್ದರೆ ನಡುವಿನ ಜಾಗವು ಕಾವಲಿಲ್ಲದ್ದು.

೭

ಇಷ್ಟು ಶ್ರಮವೇತಕ್ಕೆ, ಇಂಗ್ಲಿಷ್ ಶಬ್ದಗಳನ್ನೇ ಉಳಿಸಿಕೊಳ್ಳಬಾರದೇಕೆ, ಎಂಬ ಆಕ್ಷೇಪವು ಏಳಬಹುದು. ಅದು ಅರ್ಧ ನಿಜ. ಲೈನ್‌ಮ್ಯಾನನ ಬಾಯಲ್ಲಿ ಫ್ಯೂಸು, ಬ್ರೇಕರು, ಟ್ರಿಪ್ಪು, ಟಿ.ಸಿ.ಗಳು ಕನ್ನಡವಾಗಿಯೇ ಹೋಗಿವೆ. ಅವನ್ನು ಕಿತ್ತು 'ಮಂಡಲಚ್ಛೇದಕ'ವನ್ನು ನೆಡುವುದು ವೃಥಾ ಶ್ರಮ. ಕೇಶಿರಾಜನಂತಹ ವೈಯಾಕರಣನೇ ತದ್ಭವಗಳಿಗೆ ಒಂದು ಪ್ರಕರಣವನ್ನು ಮೀಸಲಿಟ್ಟಿರುವಾಗ ನಾವು ಅನ್ಯದೇಶ್ಯಗಳಿಗೆ ಹೆದರಬೇಕಾಗಿಲ್ಲ. ಆದರೆ ವಸ್ತುವಿನ ಹೆಸರು ಬೇರೆ, ವಿಚಾರದ ಹೆಸರು ಬೇರೆ. ಬ್ರೇಕರನ್ನು ಕೈಯಿಂದ ತೋರಿಸಬಹುದು. ಯಾವ ಭಾಷೆಯ ಹೆಸರಾದರೂ ನಡೆದೀತು. ದೋಷ, ಕುಂದು, ರಕ್ಷಣೆ, ವಿವೇಚನೆ, ನಿಲುಗಡೆಗಳನ್ನು ಬೆರಳಿನಿಂದ ತೋರಿಸಲಾಗದು. ಅವು ಭಾಷೆಯಲ್ಲಿ ಮಾತ್ರ ಇರತಕ್ಕವು. ವಸ್ತುನಾಮಗಳನ್ನು ಜನರಿಂದ ತೆಗೆದುಕೊಂಡು ವಿಚಾರನಾಮಗಳನ್ನು ನಾವು ಯೋಚಿಸಿ ಕಟ್ಟಬೇಕು. ಇದುವರೆಗೆ ನಾವು ಬಹುಮಟ್ಟಿಗೆ ಮಾಡಿರುವುದು ಇದಕ್ಕೆ ವಿಪರೀತ: ವಸ್ತುಗಳಿಗೆ ಸಮಾಸಗಳನ್ನು ಕಟ್ಟಿದ್ದೇವೆ, ವಿಚಾರಗಳನ್ನು ಸಿಕ್ಕಿದ ಶಬ್ದಕ್ಕೆ ಒಪ್ಪಿಸಿದ್ದೇವೆ.

ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ೧೯೪೬ರಲ್ಲಿ ಹೊರಬಂದ ಮೇಲೆ ಪಾರಿಭಾಷಿಕ ಪಟ್ಟಿಗಳು ನಮ್ಮಲ್ಲಿ ಅನೇಕವಾಗಿವೆ. ಇನ್ನು ಬೇಕಾಗಿರುವುದು ವಾಕ್ಯಗಳು. ಪ್ರತಿಶಬ್ದದ ಮುಂದೆ ಅದು ಯಾವ ಕ್ರಿಯಾಪದದೊಡನೆ, ಯಾವ ವಿಭಕ್ತಿಯೊಡನೆ ನಡೆಯುವುದೆಂಬುದನ್ನು ಒಂದೊಂದು ವಾಕ್ಯದಿಂದ ತೋರಿಸಿ, ಆ ವಾಕ್ಯವನ್ನು ಉಪಕೇಂದ್ರದ ಕೆಲಸಗಾರನಿಗೂ ಹೊಲದ ರೈತನಿಗೂ ಓದಿ ಹೇಳಿ, ಅವರು ಏನೆಂದು ತಿಳಿದರೆಂಬುದನ್ನು ಬರೆದುಕೊಂಡು ತಿದ್ದಬೇಕು. ಪಾಠಾಂತರಗಳನ್ನು ತೂಗಿ ನೋಡಿ ಅಭ್ಯಾಸವುಳ್ಳ ಸಾಹಿತ್ಯಾಧ್ಯಾಪಕರಿಗಿಂತ ಈ ಕೆಲಸಕ್ಕೆ ಯೋಗ್ಯರು ಬೇರೊಬ್ಬರಿಲ್ಲ. 'ರಕ್ಷಣೆ'ಯೆಂಬ ಶಬ್ದವು ಎಲ್ಲಿ ಕಂಡರೂ, ಯಾರ ರಕ್ಷಣೆ, ಯಾವುದರಿಂದ, ಎಂದು ಅಂಚಿನಲ್ಲಿ ಬರೆದಿಡುವುದರಿಂದ ಅವರು ಆರಂಭಿಸಬಹುದು.